ಮಾತು ಇರುವಾಗಲೇ: ಮಿದುಳಿನ ಗಡ್ಡೆ ಮತ್ತು ನಮ್ಮ ಮನೆಗಳು



ಸಂಘದ ಆರೋಗ್ಯ ಸೇವೆಯ ಹೆಸರಿನಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೇಸಗೆಯ ನಿರ್ಜಲೀಕರಣ ಇವುಗಳ ಕುರಿತು ಬರೆಯುವುದು ಸುಲಭ. ಓದುವವರಿಗೂ ಹಿತ, ಬರೆಯುವವರಿಗೂ ಹಿತ. ಈ ಬಾರಿ ನಾವು ಆರಿಸಿಕೊಂಡಿರುವ ವಿಷಯ ಅಷ್ಟು ಹಿತವಾದುದಲ್ಲ. ಮಿದುಳು ಮತ್ತು ಬೆನ್ನುಹುರಿಯಲ್ಲಿ ಬೆಳೆಯುವ ಗಡ್ಡೆಗಳು, ದೇಹದ ಬೇರೆಡೆಯ ಕ್ಯಾನ್ಸರ್ ನರಮಂಡಲಕ್ಕೆ ತಂದೊಡ್ಡುವ ತೊಂದರೆಗಳು, ಇವುಗಳ ಬಗ್ಗೆ ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಮಾತನಾಡುವುದಿಲ್ಲ. ಆದರೆ ಶುಕ್ರವಾರದ ಬೆಳಿಗ್ಗೆ ವಾದಿ ಅದಾಯ್‌ನಲ್ಲಿರುವ ನಮ್ಮ ಮನೆಗೆ ಪ್ಲಾಸ್ಟಿಕ್ ಚೀಲದಲ್ಲಿ ಸ್ಕ್ಯಾನ್ ಹಾಳೆಗಳನ್ನು ಹಿಡಿದು ಬರುವವರಲ್ಲಿ ಇಂಥವರೂ ಇದ್ದಾರೆ. ಅವರು ಕೇಳಿದ ಪ್ರಶ್ನೆಗಳೇ ಈ ಬರಹಕ್ಕೆ ಕಾರಣ.

ಮೊದಲೇ ಹೇಳಿಬಿಡುವುದು ಒಳಿತು. ನಾವು ನರಶಸ್ತ್ರಚಿಕಿತ್ಸಕರಲ್ಲ, ಕ್ಯಾನ್ಸರ್ ತಜ್ಞರೂ ಅಲ್ಲ. ಎಂಬಿಬಿಎಸ್ ಓದಿ ಸಾಮಾನ್ಯ ವೈದ್ಯವೃತ್ತಿಯಲ್ಲಿ ನಡುವಯಸ್ಸಿಗೆ ಬಂದವರು. ತಜ್ಞರು ಹೇಳಿದ್ದನ್ನು ಮನೆಯವರಿಗೆ ಕನ್ನಡದಲ್ಲಿ ಬಿಡಿಸಿ ಹೇಳುವುದು, ಮನೆಯವರ ಅಂಜಿಕೆಯನ್ನು ತಜ್ಞರಿಗೆ ಮುಟ್ಟಿಸುವುದು, ಇಷ್ಟೇ ನಮ್ಮ ಕೆಲಸ. ಇಲ್ಲಿ ಬರುವ ರೋಗಿಗಳ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇವೆ.

ಬೆಟ್ಟದ ನಡುವಿನ ನೀರು

ನಮ್ಮ ವಾದಿ ಅದಾಯ್‌ಯನ್ನು ನೋಡಿದವರಿಗೆ ತಲೆಬುರುಡೆಯ ಒಳಗಿನ ಒತ್ತಡವನ್ನು ವಿವರಿಸುವುದು ಕಷ್ಟವಲ್ಲ. ಎರಡೂ ಬದಿಗೆ ಕಲ್ಲುಬೆಟ್ಟ, ನಡುವೆ ಇಕ್ಕಟ್ಟಾದ ಹಾದಿ. ವರ್ಷದ ಬಹುಕಾಲ ಒಣಗಿ ಮಲಗಿರುವ ಈ ಕಣಿವೆಯಲ್ಲಿ ನೀರು ಏರಿದರೆ ಅದು ಬೆಟ್ಟವನ್ನು ಸರಿಸಲಾರದು. ಸಿಕ್ಕ ಮನೆ, ಕಾರು, ರಸ್ತೆಗಳನ್ನೇ ನೂಕುತ್ತದೆ. 2007ರ ಜೂನ್ ತಿಂಗಳ ಗೋನು ಚಂಡಮಾರುತವನ್ನು ಕಂಡ ಹಿರಿಯ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಲೆಬುರುಡೆಯೂ ಹಾಗೆಯೇ ಹಿಗ್ಗದ ಗೋಡೆ. ಅದರೊಳಗೆ ಮಿದುಳು, ರಕ್ತ, ಮಿದುಳುದ್ರವ ಈ ಮೂರಕ್ಕೆ ಮಾತ್ರ ಅಳೆದಿಟ್ಟ ಜಾಗವಿದೆ. ನಾಲ್ಕನೆಯದಾಗಿ ಗಡ್ಡೆಯೊಂದು ಬೆಳೆದರೆ ಉಳಿದ ಮೂರರಲ್ಲಿ ಒಂದು ಜಾಗ ಬಿಡಲೇಬೇಕು. ಸ್ಕಾಟ್ಲೆಂಡಿನ ವೈದ್ಯರಾದ ಮನ್ರೊ 1783ರಲ್ಲಿಯೂ ಕೆಲ್ಲಿ 1824ರಲ್ಲಿಯೂ ಹೇಳಿದ ಈ ಮಾತು ಇಂದಿಗೂ ನರಶಸ್ತ್ರಚಿಕಿತ್ಸೆಯ ಮೊದಲ ಪಾಠವಾಗಿದೆ. ನಿಧಾನವಾಗಿ ಬೆಳೆಯುವ ಗಡ್ಡೆಗೆ ಮಿದುಳು ವರ್ಷಗಟ್ಟಲೆ ಜಾಗ ಬಿಟ್ಟುಕೊಟ್ಟು ಸುಮ್ಮನಿರಬಲ್ಲದು; ವೇಗವಾಗಿ ಬೆಳೆಯುವುದಕ್ಕೆ ಬಿಡಲಾರದು.

ಹೀಗಾಗಿ ಸಾಮಾನ್ಯ ತಲೆನೋವಿಗೂ ಎಚ್ಚರ ವಹಿಸಬೇಕಾದ ತಲೆನೋವಿಗೂ ವ್ಯತ್ಯಾಸವಿದೆ. ತಲೆನೋವು ಬಂದವರಲ್ಲಿ ಬಹುತೇಕರಿಗೆ ಗಡ್ಡೆ ಇರುವುದಿಲ್ಲ. ಆದರೆ ಹಿಂದೆಂದೂ ಇಲ್ಲದ ತಲೆನೋವು ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದರೆ, ಬೆಳಗಿನ ಜಾವ ಎಬ್ಬಿಸುತ್ತಿದ್ದರೆ, ಜೊತೆಗೆ ವಾಂತಿಯಾಗುತ್ತಿದ್ದರೆ, ಕೆಮ್ಮಿದಾಗ ಬಗ್ಗಿದಾಗ ಬಿಗಡಾಯಿಸಿದರೆ, ಕಣ್ಣು ಮಂಜಾದರೆ ತಡಮಾಡಬಾರದು. ದೊಡ್ಡವರಲ್ಲಿ ಮೊದಲ ಬಾರಿಗೆ ಮೂರ್ಛೆ ಬಂದರೆ ಪರೀಕ್ಷೆ ಆಗಲೇಬೇಕು. ಇನ್ನು ಕೆಲವು ಚಿಹ್ನೆಗಳು ಮನೆಯವರಿಗಷ್ಟೇ ಕಾಣುತ್ತವೆ: ಲೆಕ್ಕದಲ್ಲಿ ಚುರುಕಾಗಿದ್ದವರು ಅಂಗಡಿಯ ಚಿಲ್ಲರೆಯನ್ನು ಎಣಿಸಲಾರದೆ ನಿಲ್ಲುವುದು, ಶಾಂತಸ್ವಭಾವದವರು ಕಾರಣವಿಲ್ಲದೆ ಸಿಡುಕುವುದು, ನಡೆಯುವಾಗ ಒಂದೇ ಬದಿಯ ಬಾಗಿಲಚೌಕಟ್ಟಿಗೆ ಪದೇ ಪದೇ ತಗುಲುವುದು. ಇವನ್ನು ‘ಕೆಲಸದ ಒತ್ತಡ’ ಎಂದು ತಳ್ಳಿಹಾಕುವ ಮುನ್ನ ಒಮ್ಮೆ ವೈದ್ಯರಿಗೆ ಹೇಳಿ.

ಸ್ಕ್ಯಾನಿನಲ್ಲಿ ಕಂಡ ಚುಕ್ಕೆಯೆಲ್ಲ ಕ್ಯಾನ್ಸರ್ ಅಲ್ಲ

ಸ್ಕ್ಯಾನ್ ವರದಿಯ ಒಂದು ಸಾಲನ್ನು ಮೊಬೈಲಿನಲ್ಲಿ ಹುಡುಕಿ, ರಾತ್ರಿಯಿಡೀ ಅತ್ತು, ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದವರಿದ್ದಾರೆ. ಅವರಿಗೆ ನಾವು ಮೊದಲು ಹೇಳುವುದು ಇದನ್ನೇ: ಭಾರತದಲ್ಲಿ ಬೆಳೆದವರ ಮಿದುಳಿನಲ್ಲಿ ಉಂಗುರದಂತೆ ಕಾಣುವ ಸಣ್ಣ ಗಾಯ ಅನೇಕ ವೇಳೆ ಲಾಡಿಹುಳುವಿನ ಮರಿಕೋಶದಿಂದಲೋ ಕ್ಷಯದ ಗಂಟಿನಿಂದಲೋ ಆಗಿರುತ್ತದೆ. ಎರಡಕ್ಕೂ ಔಷಧವಿದೆ. ‘ನಾವು ಮಾಂಸ ಮುಟ್ಟಿದವರೇ ಅಲ್ಲ, ನಮಗೆ ಹೇಗೆ ಲಾಡಿಹುಳು?’ ಎಂದು ಕೇಳುವವರುಂಟು. ಮಿದುಳಿಗೆ ತಲಪುವ ಸೋಂಕು ಹುಳುವಿನ ಮೊಟ್ಟೆಯಿಂದ ಬರುವಂಥದು; ಮೊಟ್ಟೆ ಬರುವುದು ಸರಿಯಾಗಿ ತೊಳೆಯದ ಸೊಪ್ಪು ತರಕಾರಿಯಿಂದ, ಅಡುಗೆ ಮಾಡುವವರ ಕೈಯಿಂದ. ಸಸ್ಯಾಹಾರಿಗಳೂ ಇದಕ್ಕೆ ಹೊರತಲ್ಲ. 1949ರಲ್ಲಿ ಡಾ. ಜೇಕಬ್ ಚಾಂಡಿ ಅವರು ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ಆರಂಭಿಸಿದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರೇ ಮುಂದೆ ಈ ಒಂಟಿ ಗಾಯಗಳನ್ನು ದೀರ್ಘಕಾಲ ಅಧ್ಯಯನ ಮಾಡಿ, ಎಷ್ಟೋ ರೋಗಿಗಳನ್ನು ಅನಗತ್ಯ ಶಸ್ತ್ರಚಿಕಿತ್ಸೆಯಿಂದ ಉಳಿಸಿದರು.

ಗಡ್ಡೆಯೇ ಆಗಿದ್ದರೂ ಎಲ್ಲವೂ ಒಂದೇ ಅಲ್ಲ. ದೊಡ್ಡವರಲ್ಲಿ ಮಿದುಳಿನ ಪ್ರದೇಶದಲ್ಲೇ ಹುಟ್ಟುವ ಗಡ್ಡೆಗಳ ಪೈಕಿ ಅತಿ ಸಾಮಾನ್ಯವಾದುದು ಮೆನಿಂಜಿಯೋಮ. ಮಿದುಳಿನ ಹೊದಿಕೆಯಲ್ಲಿ ಬೆಳೆಯುವ ಇದು ಹೆಂಗಸರಲ್ಲಿ ಹೆಚ್ಚು. ಬಹುಪಾಲು ಸೌಮ್ಯ ಸ್ವಭಾವದ್ದು. ಚಿಕ್ಕದಿದ್ದರೆ ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸಿ ನೋಡುತ್ತಿದ್ದರೆ ಸಾಕಾಗುವುದೂ ಉಂಟು. ಮಿದುಳಿನ ಅಂಗಾಂಶದಲ್ಲೇ ಹುಟ್ಟುವ ಗ್ಲಯೋಮಗಳ ಕಥೆ ಬೇರೆ. ಅವುಗಳಲ್ಲಿ ಕೆಲವು ಹತ್ತು ವರ್ಷಕ್ಕೂ ಮೀರಿ ಬಾಳಗೊಡುತ್ತವೆ. ಗ್ಲಯೋಬ್ಲಾಸ್ಟೋಮ ಎಂಬುದು ಅಷ್ಟು ಕಾಲ ಕೊಡುವುದು ವಿರಳ. ಯಾವುದು ಯಾವುದೆಂದು ಹೇಳಬೇಕಾದರೆ ಗಡ್ಡೆಯ ತುಣುಕು ಬೇಕು. 2008ರಲ್ಲಿ ಐಡಿಎಚ್ ಎಂಬ ಜೀನಿನ ಬದಲಾವಣೆ ಪತ್ತೆಯಾದ ಬಳಿಕ, ಸೂಕ್ಷ್ಮದರ್ಶಕದ ಜೊತೆಗೆ ಜೀನು ಪರೀಕ್ಷೆಯೂ ಸೇರಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣ ಇದನ್ನು ಕಡ್ಡಾಯದ ಹಂತಕ್ಕೆ ತಂದಿದೆ. ಆದ್ದರಿಂದ ‘ಮಿದುಳು ಗಡ್ಡೆ’ ಎಂಬ ಎರಡೇ ಪದ ಕೇಳಿ ಕೈಚೆಲ್ಲಬಾರದು. ‘ಯಾವ ಗಡ್ಡೆ, ಯಾವ ದರ್ಜೆ, ಜೀನು ಪರೀಕ್ಷೆ ಆಯಿತೇ’ ಎಂಬ ಮೂರು ಪ್ರಶ್ನೆ ಕೇಳಬೇಕು.

ಒಬ್ಬರ ಮಾತು

ಕಲಬುರಗಿ ಕಡೆಯ ಒಬ್ಬರು ಇಲ್ಲಿ ಕಂಪನಿಯೊಂದರ ವಸತಿಯಲ್ಲಿದ್ದರು. ವಯಸ್ಸು ಐವತ್ತರ ಹತ್ತಿರ. ಒಂದು ರಾತ್ರಿ ಕೋಣೆಯಲ್ಲಿ ಮೂರ್ಛೆ ಬಂತು. ಜೊತೆಗಾರರು ಕೈಗೆ ಕೀಲಿಕೈ ಗೊಂಚಲು ಕೊಟ್ಟರು, ಮೂಗಿಗೆ ಉಳ್ಳಾಗಡ್ಡಿ ಹಿಡಿದರು. ಅವರ ಪ್ರೀತಿ ದೊಡ್ಡದು; ಆದರೆ ಇವೆರಡರಿಂದಲೂ ಮೂರ್ಛೆ ನಿಲ್ಲುವುದಿಲ್ಲ ಎಂಬುದನ್ನು ಎಲ್ಲರೂ ತಿಳಿದಿರಬೇಕು. ಮೂರ್ಛೆ ಬಂದವರನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಕೈಕಾಲುಗಳನ್ನು ಅದುಮಿ ಹಿಡಿಯದೆ, ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕದೆ, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ, ಅಥವಾ ಒಂದರ ಹಿಂದೆ ಇನ್ನೊಂದು ಬಂದರೆ, 9999ಕ್ಕೆ ಕರೆ ಮಾಡಬೇಕು. ಮೊದಲ ಮೂರ್ಛೆಯಾದರೆ ಅದು ತಾನಾಗಿ ನಿಂತರೂ ಆಸ್ಪತ್ರೆಗೆ ಹೋಗಬೇಕು.

ಸ್ಕ್ಯಾನಿನಲ್ಲಿ ಎಡಬದಿಯ ಮಿದುಳಿನಲ್ಲಿ ಗಡ್ಡೆ ಕಂಡಿತು. ಬಹುತೇಕ ಜನರಲ್ಲಿ ಮಾತಿನ ನೆಲೆ ಇರುವುದು ಎಡಬದಿಯಲ್ಲಿಯೇ. ಆಸ್ಪತ್ರೆಯಲ್ಲಿ ಅವರನ್ನು ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಮಾತನಾಡಿಸಿದ್ದರು. ಹಿಂದಿಯಲ್ಲಿ ತಡವರಿಸಿದರು, ಕೆಲಸದ ಜಾಗದಲ್ಲಿ ಕಲಿತ ಅರಬ್ಬೀ ಪದಗಳು ಬಹುಮಟ್ಟಿಗೆ ಹೋಗಿದ್ದವು. ಕನ್ನಡ ಎಷ್ಟು ಉಳಿದಿದೆ ಎಂದು ನೋಡಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ವೈದ್ಯರ ಅನುಮತಿ ಪಡೆದು ನಾವು ಹೋಗಿ ಕುಳಿತೆವು. ಜೊತೆಗೆ ಅವರ ಊರ ಕಡೆಯ ಒಬ್ಬ ಗೆಳೆಯರನ್ನೂ ಕರೆದೊಯ್ದೆವು. ಅದಕ್ಕೆ ಕಾರಣವಿತ್ತು. ಹಳೆಯ ಮೈಸೂರು ಸೀಮೆಯಲ್ಲಿ ಬೆಳೆದ ನಮಗೆ ‘ಬೀಗ’ವಾದದ್ದು ಅವರಿಗೆ ‘ಕೀಲಿ’. ನಮ್ಮ ‘ತಟ್ಟೆ’ ಅವರ ‘ಗಂಗಾಳ’. ನಮ್ಮ ‘ಈರುಳ್ಳಿ’ ಅವರ ‘ಉಳ್ಳಾಗಡ್ಡಿ’. ಚಿತ್ರ ತೋರಿಸಿ ಹೆಸರು ಕೇಳುವಾಗ ಸರಿಯುತ್ತರ ಯಾವುದೆಂದು ಆ ಸೀಮೆಯವರೇ ಹೇಳಬೇಕು.

ಕುಡುಗೋಲು ತೋರಿಸಿದಾಗ ತಟ್ಟನೆ ಹೇಳಿದರು. ಎತ್ತು, ರೊಟ್ಟಿ, ಜ್ವಾಳ ಬಂದವು. ಮೊಬೈಲು, ಚಾರ್ಜರು ಬರಲಿಲ್ಲ. ವಾರದ ದಿನಗಳನ್ನು ಹೇಳುತ್ತಾ ಗುರುವಾರದ ಬಳಿ ನಿಂತರು. ಕನ್ನಡವೂ ಸವೆದಿತ್ತು, ಆದರೆ ಉಳಿದ ಎರಡು ಭಾಷೆಗಳಿಗಿಂತ ಗಟ್ಟಿಯಾಗಿ ನಿಂತಿತ್ತು.

ಹಲವು ಭಾಷೆ ಬಲ್ಲವರ ಮಿದುಳಿಗೆ ಪೆಟ್ಟಾದಾಗ ಸಾಮಾನ್ಯವಾಗಿ ಎಲ್ಲ ಭಾಷೆಗಳೂ ಒಟ್ಟಿಗೆ ಕುಂದುತ್ತವೆ, ಆದರೆ ಯಾವಾಗಲೂ ಸಮನಾಗಿ ಅಲ್ಲ. ಫ್ರಾನ್ಸಿನ ಆಲ್ಬರ್ಟ್ ಪಿತ್ರ್ ಎಂಬ ವೈದ್ಯರು 1895ರಲ್ಲಿಯೇ, ರೋಗಿ ಹೆಚ್ಚು ಬಳಸುತ್ತಿದ್ದ ಭಾಷೆ ಮೊದಲು ಮರಳುತ್ತದೆ ಎಂದರು. ಅವರ ನಾಡಿನವರೇ ಆದ ರಿಬೊ, ಮೊದಲು ಕಲಿತದ್ದು ಹೆಚ್ಚು ಕಾಲ ಉಳಿಯುತ್ತದೆ ಎಂದಿದ್ದರು. ಎರಡಕ್ಕೂ ಅಪವಾದಗಳಿವೆ. ಒಟ್ಟಿನಲ್ಲಿ ತಿಳಿಯಬೇಕಾದದ್ದು ಇಷ್ಟು: ರೋಗಿಯ ಎಲ್ಲ ಭಾಷೆಗಳನ್ನೂ ಪರೀಕ್ಷಿಸದೆ ಅವನ ಮಾತಿನ ಸ್ಥಿತಿ ಏನೆಂದು ಹೇಳಲಾಗದು. ಮಾತಿನ ನೆಲೆಯ ಹತ್ತಿರದ ಗಡ್ಡೆಯನ್ನು ತೆಗೆಯುವಾಗ ಕೆಲವೊಮ್ಮೆ ರೋಗಿಯನ್ನು ಎಚ್ಚರದಲ್ಲಿಟ್ಟು, ಮಾತನಾಡಿಸುತ್ತಲೇ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಮಿದುಳಿಗೆ ನೋವಿನ ಅರಿವಿಲ್ಲವಾದ್ದರಿಂದ ಇದು ಸಾಧ್ಯ. ಆಗ ಮಾತೃಭಾಷೆಯಲ್ಲಿ ಮಾತನಾಡಿಸುವವರು ಬೇಕೇ ಬೇಕು. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಪರೀಕ್ಷೆಗಳನ್ನು ಕನ್ನಡಕ್ಕೆ ಒಗ್ಗಿಸುವ ಕೆಲಸವನ್ನು ಮಾಡಿದೆ. ಪರದೇಶದಲ್ಲಿರುವ ನಮಗೆ ಇದು ದೊಡ್ಡ ಆಸ್ತಿ. ನಿಮ್ಮವರು ಯಾರಾದರೂ ಇಂಥ ಸ್ಥಿತಿಯಲ್ಲಿದ್ದರೆ, ‘ಇವರ ಮನೆಮಾತು ಕನ್ನಡ, ಕನ್ನಡದಲ್ಲಿಯೂ ಪರೀಕ್ಷಿಸಬೇಕು’ ಎಂದು ವೈದ್ಯರಿಗೆ ಸಂಕೋಚವಿಲ್ಲದೆ ಹೇಳಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುವವರು ಆ ಭಾಷೆಯ ಹೆಸರನ್ನೂ ಹೇಳಬೇಕು.

ಹೇಳಬೇಕೇ, ಮುಚ್ಚಿಡಬೇಕೇ?

ಅವರು ಬೆಂಗಳೂರಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ತುಣುಕಿನ ವರದಿ ಗ್ಲಯೋಬ್ಲಾಸ್ಟೋಮ ಎಂದು ಬಂತು. ಊರಿನಿಂದ ಅವರ ಹೆಂಡತಿ ನಮಗೆ ಫೋನು ಮಾಡಿದರು. “ಅವ್ರಿಗೆ ಏನೂ ಹೇಳಬ್ಯಾಡ್ರಿ ಸಾಹೇಬ್ರ, ಎದಿ ಒಡಕೋತಾರ” ಎಂದರು. ಮರುದಿನ ಅವರೇ ವಿಡಿಯೋ ಕರೆಯಲ್ಲಿ, ಪದಗಳನ್ನು ಹುಡುಕಿ ಹುಡುಕಿ, “ಮುಚ್ಚಿಡಬ್ಯಾಡ್ರಿ. ನನಗ ಎಷ್ಟು ದಿನ ಅದಾವ?” ಎಂದು ಕೇಳಿದರು.

ಅಂಕಿಗಳು ನಮಗೆ ಗೊತ್ತಿದ್ದವು. 2005ರಲ್ಲಿ ಪ್ರಕಟವಾದ, 573 ರೋಗಿಗಳ ಪ್ರಸಿದ್ಧ ಪರೀಕ್ಷೆಯೊಂದಿದೆ. ಶಸ್ತ್ರಚಿಕಿತ್ಸೆಯ ನಂತರ ವಿಕಿರಣ ಮಾತ್ರ ಪಡೆದವರ ಮಧ್ಯಕ ಆಯುಸ್ಸು 12.1 ತಿಂಗಳು, ವಿಕಿರಣದ ಜೊತೆಗೆ ಟೆಮೊಜೋಲೊಮೈಡ್ ಮಾತ್ರೆ ಪಡೆದವರದು 14.6 ತಿಂಗಳು. ಎರಡೂವರೆ ತಿಂಗಳು ಎಂದರೆ ಅಲ್ಪವೆನಿಸಬಹುದು. ಆದರೆ ಎರಡು ವರ್ಷ ದಾಟಿದವರು ನೂರಕ್ಕೆ 10 ಜನರಿಂದ 26 ಜನರಿಗೆ ಏರಿದರು. ಅಂದಿನಿಂದ ಇದೇ ಚಿಕಿತ್ಸೆ ಜಗತ್ತಿನಾದ್ಯಂತ ರೂಢಿಯಲ್ಲಿದೆ. ಮಧ್ಯಕ ಎಂಬುದು ಸರದಿಯ ನಡುವಿನ ಗುರುತು. ಅರ್ಧದಷ್ಟು ಜನ ಅದರ ಈಚೆ, ಅರ್ಧದಷ್ಟು ಜನ ಆಚೆ. ಒಬ್ಬ ವ್ಯಕ್ತಿ ಯಾವ ಕಡೆ ಎಂದು ಅದು ಹೇಳುವುದಿಲ್ಲ.

ನಾವು ಅವರ ಹೆಂಡತಿಯೊಡನೆ ದೀರ್ಘವಾಗಿ ಮಾತನಾಡಿದೆವು. ಬೇರೆ ಅಂಗದ ಕ್ಯಾನ್ಸರಿಗೂ ಇದಕ್ಕೂ ಇರುವ ಒಂದು ವ್ಯತ್ಯಾಸವನ್ನು ತಿಳಿಸಿದೆವು. ಬೇರೆ ಕಡೆ ಕೊನೆಯವರೆಗೂ ರೋಗಿ ತನ್ನ ಮನಸ್ಸನ್ನು ತಾನೇ ಹೇಳಬಲ್ಲ. ಇಲ್ಲಿ ರೋಗ ಕೈಹಾಕುವುದು ಹೇಳುವ ಶಕ್ತಿಗೇ. ಇಂದು ಮುಚ್ಚಿಟ್ಟು, ಮೂರು ತಿಂಗಳ ಮೇಲೆ ಹೇಳೋಣವೆಂದರೆ, ಆಗ ಕೇಳಿಸಿಕೊಂಡು ಉತ್ತರಿಸುವ ಮಾತು ಅವರಲ್ಲಿ ಉಳಿದಿರದೆ ಹೋಗಬಹುದು. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರ ನಾನೂ ಮುಂದ ಕುಂದರ್ತೀನ್ರಿ” ಎಂದರು.

ಹೇಳುವ ಮುನ್ನ ಕೇಳುವ ಪ್ರಶ್ನೆಯೊಂದಿದೆ: ‘ನಿಮಗೆ ಎಷ್ಟು ತಿಳಿಯಬೇಕೆಂದಿದೆ?’ ಕೆಲವರು ಎಲ್ಲವನ್ನೂ ಕೇಳುತ್ತಾರೆ, ಕೆಲವರು ‘ನಮ್ಮ ಮನೆಯವರಿಗೆ ಹೇಳಿ’ ಎನ್ನುತ್ತಾರೆ. ಎರಡನ್ನೂ ಗೌರವಿಸಬೇಕು. ಅವರು ಎಲ್ಲವನ್ನೂ ಕೇಳಿದರು. ಅಲ್ಲಿನ ತಜ್ಞರು ತಿಂಗಳುಗಳ ಲೆಕ್ಕದಲ್ಲಿ, ಒಂದೋ ಎರಡೋ ವರ್ಷದ ಮಿತಿಯಲ್ಲಿ, ತಾಳ್ಮೆಯಿಂದ ಹೇಳಿದರು. ಅವರು ಅತ್ತರು, ಎದೆ ಒಡೆದುಕೊಳ್ಳಲಿಲ್ಲ. ಹೊಲದ ಪಾಲು ತಮ್ಮಂದಿರ ಜೊತೆ ತೀರ್ಮಾನವಾಗಬೇಕು, ಮಗಳ ಓದು ನಿಲ್ಲಬಾರದು, ಎಳ್ಳಮಾವಾಸ್ಯೆಗೆ ಹೊಲದಲ್ಲಿರಬೇಕು, ಇಷ್ಟನ್ನು ಹೇಳಿದರು. ವಿಕಿರಣ, ಮಾತ್ರೆ ಎರಡನ್ನೂ ಪೂರೈಸಿದರು. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಕುಳಿತು ಭಜ್ಜಿ, ಸಜ್ಜೆ ಕಡುಬು ಉಂಡ, ಮಗಳು ಚರಗ ಚೆಲ್ಲುತ್ತಿರುವ ಚಿತ್ರ ನಮಗೆ ಬಂತು. ಆ ವೇಳೆಗೆ ಮಾತು ಬಹಳ ಕಡಿಮೆಯಾಗಿತ್ತು. ಹತ್ತೊಂಬತ್ತನೆಯ ತಿಂಗಳಲ್ಲಿ ತಮ್ಮ ಮನೆಯಲ್ಲಿಯೇ ತೀರಿಕೊಂಡರು. ಹೊಲದ ಪತ್ರಗಳಿಗೆ ಅವರ ಸಹಿ ಆಗಿತ್ತು. ಮಗಳು ಓದುತ್ತಿದ್ದಾಳೆ.

ಬೆನ್ನುನೋವು ತುರ್ತಾಗುವ ಹೊತ್ತು

ಮಿದುಳಿನಲ್ಲೇ ಹುಟ್ಟುವ ಗಡ್ಡೆಗಳಿಗಿಂತ, ಶ್ವಾಸಕೋಶ, ಸ್ತನ, ಮೂತ್ರಪಿಂಡ ಮೊದಲಾದ ಕಡೆಯಿಂದ ಮಿದುಳಿಗೆ ಹರಡುವ ಗಡ್ಡೆಗಳೇ ಹೆಚ್ಚು. ಹಿಂದೆ ಇವುಗಳಿಗೆ ಇಡೀ ಮಿದುಳಿಗೆ ವಿಕಿರಣ ಕೊಡುವುದೊಂದೇ ದಾರಿ ಎಂಬಂತಿತ್ತು. ಈಗ ಕೆಲವೇ ಗಡ್ಡೆಗಳಿದ್ದರೆ ಅವುಗಳಿಗಷ್ಟೇ ಗುರಿಯಿಟ್ಟು ವಿಕಿರಣ ಕೊಡುತ್ತಾರೆ. ನೆನಪಿನ ಶಕ್ತಿ ಹೆಚ್ಚು ಉಳಿಯುತ್ತದೆ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1951ರಲ್ಲಿ ಮುಂದಿಟ್ಟ ಕಲ್ಪನೆ ಇದು.

ಇದಕ್ಕಿಂತ ಹೆಚ್ಚಾಗಿ ಪ್ರತಿ ಮನೆಯೂ ತಿಳಿದಿರಬೇಕಾದುದು ಬೆನ್ನುಹುರಿಯ ಒತ್ತಡ. ಕುಂದಾಪುರದ ಕಡೆಯ ಒಬ್ಬ ಅಕ್ಕನವರು ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿ ನಾಲ್ಕು ವರ್ಷ ಆರೋಗ್ಯವಾಗಿದ್ದರು. ಸಂಘದ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ಬೆನ್ನು ಹಿಡಿದು ನಿಂತಿದ್ದನ್ನು ನಾವು ಕಂಡೆವು. ಕೇಳಿದರೆ, “ಎಂತ ಇಲ್ಲ ಡಾಕ್ಟ್ರೇ, ಪ್ರಾಯ ಆಯ್ತಲ್ಲ” ಎಂದು ನಕ್ಕರು. ಮತ್ತೆ ವಿಚಾರಿಸಿದಾಗ ಒಂದೊಂದೇ ಹೊರಬಂತು: ಮೂರು ವಾರದ ನೋವು, ಮಲಗಿದರೆ ಹೆಚ್ಚು, ಎದೆಯ ಸುತ್ತ ಪಟ್ಟಿ ಬಿಗಿದಂತೆ, ಎರಡು ದಿನದಿಂದ ಮೆಟ್ಟಿಲೇರುವಾಗ ಕಾಲು ಸೋಲುತ್ತಿದೆ. ಅಂದು ಸಂಜೆಯೇ ಅವರನ್ನು ಆಸ್ಪತ್ರೆಗೆ ಕಳುಹಿಸಿದೆವು. ಅದೇ ರಾತ್ರಿ ಎಂಆರ್‌ಐ ಆಯಿತು. ಬೆನ್ನುಮೂಳೆಯ ಗಡ್ಡೆ ಹುರಿಯನ್ನು ಒತ್ತುತ್ತಿತ್ತು. ಡೆಕ್ಸಾಮೆಥಾಸೋನ್ ಆರಂಭವಾಯಿತು, ಬಳಿಕ ಶಸ್ತ್ರಚಿಕಿತ್ಸೆ, ವಿಕಿರಣ. ಅವರು ಇಂದಿಗೂ ನಡೆದುಕೊಂಡೇ ಸಂಘದ ಕಾರ್ಯಕ್ರಮಗಳಿಗೆ ಬರುತ್ತಾರೆ.

ಚಿಕಿತ್ಸೆ ಆರಂಭಿಸುವ ಹೊತ್ತಿಗೆ ನಡೆಯುತ್ತಿದ್ದವರು ಬಹುಪಾಲು ನಡೆಯುತ್ತಲೇ ಉಳಿಯುತ್ತಾರೆ. ಕಾಲು ಪೂರ್ತಿ ಸೋತ ಮೇಲೆ ಬಂದವರಲ್ಲಿ ಮತ್ತೆ ನಡೆಯುವವರು ಕಡಿಮೆ. ಆಯ್ದ ರೋಗಿಗಳಲ್ಲಿ ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಎರಡನ್ನೂ ಕೊಟ್ಟಾಗ ನೂರಕ್ಕೆ 84 ಜನ, ವಿಕಿರಣ ಮಾತ್ರ ಕೊಟ್ಟಾಗ 57 ಜನ ಚಿಕಿತ್ಸೆಯ ಬಳಿಕ ನಡೆಯಬಲ್ಲವರಾಗಿದ್ದರು ಎಂದು 2005ರ ಇನ್ನೊಂದು ಪರೀಕ್ಷೆ ತೋರಿಸಿತು. ಆದ್ದರಿಂದ ನಿಯಮ ಸರಳ: ಹಿಂದೆಂದಾದರೂ ಕ್ಯಾನ್ಸರ್ ಬಂದವರಿಗೆ ಹೊಸ ಬೆನ್ನುನೋವಿನ ಜೊತೆ ಕಾಲಿನ ಸೋಲು, ಮರಗಟ್ಟುವಿಕೆ, ಮೂತ್ರ ಕಟ್ಟುವುದು ಇವುಗಳಲ್ಲಿ ಒಂದು ಕಂಡರೂ ಮುಲಾಮು ಹಚ್ಚಿ ಮಲಗಬಾರದು, ಮುಂದಿನ ವಾರದ ಅಪಾಯಿಂಟ್‌ಮೆಂಟಿಗೆ ಕಾಯಬಾರದು. ಅದೇ ದಿನ ತುರ್ತು ವಿಭಾಗಕ್ಕೆ ಹೋಗಬೇಕು. ‘ಹಿಂದೆ ಕ್ಯಾನ್ಸರ್ ಇತ್ತು’ ಎಂಬ ಮಾತನ್ನು ಎಲ್ಲಕ್ಕಿಂತ ಮೊದಲು ಹೇಳಬೇಕು.

ಔಷಧದ ಬೆಲೆ

ಮೇಲೆ ಹೇಳಿದ ಡೆಕ್ಸಾಮೆಥಾಸೋನ್ 1961ರಿಂದ ಮಿದುಳಿನ ಊತಕ್ಕೆ ಬಳಕೆಯಲ್ಲಿದೆ. ಒಂದೆರಡು ದಿನಗಳಲ್ಲಿಯೇ ತಲೆನೋವು ಇಳಿದು, ಸೋತ ಕೈ ಮೇಲೇಳುವುದುಂಟು. ಆದರೆ ಅದು ಗಡ್ಡೆಯನ್ನು ಕರಗಿಸಿದ್ದಲ್ಲ, ಊತವನ್ನು ತಗ್ಗಿಸಿದ್ದು. ಸಕ್ಕರೆ ಏರುತ್ತದೆ, ನಿದ್ದೆ ಹಾರುತ್ತದೆ, ಹಸಿವು ಹೆಚ್ಚುತ್ತದೆ, ತೊಡೆಯ ಸ್ನಾಯು ಸೊರಗುತ್ತದೆ, ಸಿಟ್ಟು ಮೂಗಿನ ತುದಿಗೆ ಬರುತ್ತದೆ. ಮನೆಯವರು ಆ ಸಿಟ್ಟನ್ನು ಮನುಷ್ಯನ ಮೇಲೆ ಹೊರಿಸದೆ ಮಾತ್ರೆಯ ಮೇಲೆ ಹೊರಿಸಿದರೆ ಎಷ್ಟೋ ಮನಸ್ತಾಪ ತಪ್ಪುತ್ತದೆ. ಕೆಲವು ವಾರ ತೆಗೆದುಕೊಂಡ ಮೇಲೆ ತಟ್ಟನೆ ನಿಲ್ಲಿಸುವುದು ಅಪಾಯ. ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಏಕಾದಶಿಯ ಉಪವಾಸವಾಗಲಿ ರಂಜಾನಿನ ಉಪವಾಸವಾಗಲಿ, ಮೂರ್ಛೆಯ ಮಾತ್ರೆ ಅಥವಾ ಸ್ಟೀರಾಯ್ಡ್ ತೆಗೆದುಕೊಳ್ಳುವವರು ಮುಂಚಿತವಾಗಿ ವೈದ್ಯರನ್ನು ಕೇಳಬೇಕು.

ಕೀಮೋ ಔಷಧಗಳಲ್ಲಿ ಕೆಲವು ಕೈಕಾಲಿನ ನರಗಳಿಗೆ ತಾಗುತ್ತವೆ. ಮಸ್ಕತ್ತಿನಲ್ಲಿ ಇದಕ್ಕೆ ಎರಡು ಮುಖ. ಕರುಳಿನ ಕ್ಯಾನ್ಸರಿಗೆ ಕೊಡುವ ಆಕ್ಸಾಲಿಪ್ಲಾಟಿನ್ ಪಡೆದವರಿಗೆ ತಂಪು ತಾಗಿದರೆ ಬೆರಳಲ್ಲಿ ಮುಳ್ಳಾಡುತ್ತದೆ, ಗಂಟಲು ಹಿಡಿದಂತಾಗುತ್ತದೆ. ಫ್ರಿಜ್ಜಿನ ನೀರು, ಮುಖಕ್ಕೆ ನೇರವಾಗಿ ಬೀಸುವ ಎಸಿ, ತಣ್ಣನೆಯ ಮಜ್ಜಿಗೆ ಇವುಗಳಿಂದ ಕೆಲವು ದಿನ ದೂರವಿರಬೇಕು. ಪ್ಯಾಕ್ಲಿಟ್ಯಾಕ್ಸೆಲ್, ವಿನ್‌ಕ್ರಿಸ್ಟಿನ್ ಪಡೆದು ಅಂಗಾಲಿನ ಸ್ಪರ್ಶ ಹೋದವರಿಗೆ ಶಾಖವೇ ಶತ್ರು. ಜೂನ್ ತಿಂಗಳ ಮಧ್ಯಾಹ್ನ ಬರಿಗಾಲಲ್ಲಿ ಮಾಳಿಗೆಗೆ ಬಟ್ಟೆ ಒಣಹಾಕಲು ಹೋದರೆ ಅಂಗಾಲು ಬೊಬ್ಬೆಯೆದ್ದರೂ ತಿಳಿಯದು. ದೇವಾಲಯದ ಅಂಗಳದಲ್ಲಿಯೂ ಇದೇ ಎಚ್ಚರ ಬೇಕು. ವಿನ್‌ಕ್ರಿಸ್ಟಿನ್ ಮೂಲತಃ ನಮ್ಮ ಅಂಗಳದ ನಿತ್ಯಪುಷ್ಪ, ಅಂದರೆ ಕಾಶಿಕಣಗಿಲೆಯಿಂದ ಬಂದದ್ದು. ಇಲ್ಲಿನ ರಸ್ತೆಬದಿಯ ತೋಟಗಳಲ್ಲಿಯೂ ಅದು ಅರಳುತ್ತದೆ. ಹಾಗೆಂದು ಅದರ ಎಲೆಯ ಕಷಾಯ ಕುಡಿಯಬಾರದು. ಅಳತೆಯಿಲ್ಲದ ಆ ಕಷಾಯ ವಿಷ. ಊರಿನಿಂದ ತರಿಸಿದ ಯಾವುದೇ ನಾಟಿ ಔಷಧವಿದ್ದರೂ ಮುಚ್ಚಿಡದೆ ಚಿಕಿತ್ಸೆ ನೀಡುವ ವೈದ್ಯರಿಗೆ ತಿಳಿಸಿ.

ಇಲ್ಲಿಯೋ, ಊರಿನಲ್ಲಿಯೋ?

ನಮ್ಮನ್ನು ಅತಿ ಹೆಚ್ಚು ಮಂದಿ ಕೇಳುವ ಪ್ರಶ್ನೆ ಇದು. ಒಮಾನಿನಲ್ಲಿ ನರಶಸ್ತ್ರಚಿಕಿತ್ಸೆಗೆ ಖೌಲಾ ಆಸ್ಪತ್ರೆ, ಕ್ಯಾನ್ಸರ್ ಚಿಕಿತ್ಸೆಗೆ ರಾಯಲ್ ಆಸ್ಪತ್ರೆಯ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರ, ಸುಲ್ತಾನ್ ಖಾಬೂಸ್ ವಿಶ್ವವಿದ್ಯಾಲಯದ ಆಸ್ಪತ್ರೆ ಹೆಸರಾದವು. ನಮ್ಮ ನಾಡಿನಲ್ಲಿ 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್, 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ, ಮಣಿಪಾಲ ಮತ್ತು ಮಂಗಳೂರಿನ ವೈದ್ಯಕೀಯ ಕಾಲೇಜುಗಳಿವೆ. ಕಿದ್ವಾಯಿಯ ಘಟಕವೊಂದು ಕಲಬುರಗಿಯಲ್ಲಿಯೂ ಇದೆ.

ತುರ್ತಾದುದನ್ನು ಇಲ್ಲಿಯೇ ಮಾಡಿಸಬೇಕು. ಒತ್ತಡ ಏರಿದ ಮಿದುಳನ್ನೋ ಸೋಲುತ್ತಿರುವ ಕಾಲನ್ನೋ ವಿಮಾನ ಹತ್ತಿಸಬಾರದು. ಆಮೇಲಿನ ತಿಂಗಳುಗಳ ಚಿಕಿತ್ಸೆ ಎಲ್ಲಿ ಎಂಬುದು ಬೇರೆ ಪ್ರಶ್ನೆ. ವಿಕಿರಣ ಸಾಮಾನ್ಯವಾಗಿ ಆರು ವಾರ, ದಿನಬಿಟ್ಟು ದಿನವಲ್ಲ, ವಾರಕ್ಕೆ ಐದು ದಿನ. ಅಷ್ಟು ದಿನ ಜೊತೆಗೆ ಯಾರಿರುತ್ತಾರೆ? ವಿಮೆಯ ಮಿತಿ ಎಷ್ಟು? ಕೆಲಸ ಹೋದರೆ ವೀಸಾ ಏನಾಗುತ್ತದೆ? ಮಕ್ಕಳ ಶಾಲೆ? ಆಸ್ಪತ್ರೆಯ ಹೆಸರಿಗಿಂತ ಈ ಪ್ರಶ್ನೆಗಳ ಉತ್ತರವೇ ತೀರ್ಮಾನಿಸಬೇಕು.

ಊರಿಗೆ ಹೋಗುವುದಾದರೆ ಸ್ಕ್ಯಾನಿನ ಸಿಡಿ, ಶಸ್ತ್ರಚಿಕಿತ್ಸೆಯ ವಿವರ, ತುಣುಕಿನ ವರದಿ, ಸಾಧ್ಯವಿದ್ದರೆ ಮೇಣದ ಅಚ್ಚಿನಲ್ಲಿಟ್ಟ ತುಣುಕು ಇವನ್ನು ಕೇಳಿ ಪಡೆಯಿರಿ. ಕಾಗದದ ವರದಿ ಮಾತ್ರ ಸಾಲದು. ತಲೆಯ ಶಸ್ತ್ರಚಿಕಿತ್ಸೆಯ ಬಳಿಕ ಒಳಗೆ ಗಾಳಿ ಉಳಿದಿರಬಹುದಾದ್ದರಿಂದ ಯಾವಾಗ ವಿಮಾನ ಹತ್ತಬಹುದೆಂದು ಶಸ್ತ್ರಚಿಕಿತ್ಸಕರಿಂದಲೇ ಬರೆಸಿಕೊಳ್ಳಿ. ಮೂರ್ಛೆಯ ಮಾತ್ರೆ ಕೈಚೀಲದಲ್ಲಿರಲಿ, ಚೀಟಿಯೂ ಜೊತೆಗಿರಲಿ. ಮೂರ್ಛೆ ಬಂದವರು ವೈದ್ಯರು ಒಪ್ಪುವವರೆಗೆ ಕಾರು ಓಡಿಸಬಾರದು. ಅಮರಾತ್ ಬೆಟ್ಟದ ರಸ್ತೆಯಂಥ ಇಳಿಜಾರಿನಲ್ಲಂತೂ ಬೇಡವೇ ಬೇಡ.

ಕೇಳಿಕೊಳ್ಳಬೇಕಾದ ಮಾತು

1884ರ ನವೆಂಬರ್ 25ರಂದು ಲಂಡನ್ನಿನಲ್ಲಿ ರಿಕ್‌ಮನ್ ಗಾಡ್ಲೀ ಎಂಬ ಶಸ್ತ್ರಚಿಕಿತ್ಸಕರು ಇಪ್ಪತ್ತೈದರ ಯುವಕನೊಬ್ಬನ ಮಿದುಳಿನಿಂದ ಗಡ್ಡೆ ತೆಗೆದರು. ಎಕ್ಸ್‌ರೇ ಕೂಡ ಇಲ್ಲದ ಕಾಲ. ಎಡಗೈ ಸೋತದ್ದನ್ನು ನೋಡಿಯೇ ಗಡ್ಡೆಯ ಜಾಗ ಗುರುತಿಸಿದ್ದರು. ಸೋಂಕಿನಿಂದ ಆತ 28 ದಿನಗಳಲ್ಲಿ ತೀರಿಕೊಂಡ. ಅಲ್ಲಿಂದ ಇಲ್ಲಿಗೆ ಬಹುದೂರ ಬಂದಿದ್ದೇವೆ. ಐಡಿಎಚ್ ಬದಲಾವಣೆಯುಳ್ಳ ಕೆಳದರ್ಜೆಯ ಗ್ಲಯೋಮಗಳಿಗೆ ವೊರಾಸಿಡೆನಿಬ್ ಎಂಬ ಮಾತ್ರೆ 2024ರಲ್ಲಿ ಅಮೆರಿಕದಲ್ಲಿ ಮಂಜೂರಾಗಿದೆ. ಆದರೂ ಎಲ್ಲರನ್ನೂ ಉಳಿಸುವ ಚಿಕಿತ್ಸೆ ಇನ್ನೂ ಇಲ್ಲ.

ಉಳಿಸಲಾಗದಾಗ ಮಾಡುವುದೇನೂ ಇಲ್ಲ ಎಂಬುದು ಸುಳ್ಳು. ನೋವು, ಮೂರ್ಛೆ, ವಾಂತಿ, ಉಸಿರಾಟದ ಸಂಕಟ ಎಲ್ಲಕ್ಕೂ ಉಪಶಮನವಿದೆ. ಬೆಂಗಳೂರಿನ ಕರುಣಾಶ್ರಯ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಹಣ ಪಡೆಯದೆ ಈ ಸೇವೆ ನೀಡುತ್ತಿದೆ. ಗುಣವಾಗುವ ಭರವಸೆ ಇಲ್ಲದ ಸ್ಥಿತಿಯಲ್ಲಿ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಭಾರತದ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಎತ್ತಿಹಿಡಿಯಿತು. 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ಇದು ಭಾರತದ ಕಾನೂನು. ಆದರೆ ಅದರ ಹಿಂದಿನ ಮಾತುಕತೆಗೆ ಯಾವ ದೇಶದ ನೋಟರಿಯೂ ಬೇಕಿಲ್ಲ.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅಪ್ಪ ಅಮ್ಮನೊಡನೆ, ಅದಕ್ಕೂ ಮುನ್ನ ಇಲ್ಲಿ ಗಂಡ ಹೆಂಡಿರು ಪರಸ್ಪರ, ಆರೋಗ್ಯವಾಗಿರುವಾಗಲೇ ಒಂದು ಸಂಜೆ ಕುಳಿತು ಮೂರು ಮಾತು ಕೇಳಿಕೊಳ್ಳಿ: ನನಗೆ ಮಾತು ನಿಂತರೆ ನನ್ನ ಪರವಾಗಿ ಯಾರು ಹೇಳಬೇಕು? ಎಲ್ಲಿರಲು ಇಷ್ಟ? ಯಾವ ಕೆಲಸ ಅರ್ಧಕ್ಕೆ ನಿಲ್ಲಬಾರದು? ಉತ್ತರಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿಯೇ ಬರೆದು, ಪಾಸ್‌ಪೋರ್ಟುಗಳ ಜೊತೆ ಇಡಿ. ಇದು ಅಪಶಕುನವಲ್ಲ, ಮನೆಯ ಲೆಕ್ಕ.

ಸ್ಕ್ಯಾನ್ ವರದಿಯ ಅರ್ಥ ತಿಳಿಯದೆ ಕಂಗಾಲಾದವರು ಸಂಘದ ಕಚೇರಿಯ ಮೂಲಕ ನಮ್ಮನ್ನು ಸಂಪರ್ಕಿಸಬಹುದು. ಕನ್ನಡದಲ್ಲಿ ಕುಳಿತು ಮಾತನಾಡೋಣ.